ಹಾಜರಿ ಪುಸ್ತಕದ ಸಹಿ

ಪದವಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಸಹೋದರ ಸಹೋದರಿಯರೇ, 'ಇಷ್ಟು ಓದಿ ಕೊನೆಗೆ ಈ ಗುಮಾಸ್ತಗಿರಿಯೇ?' ಎಂಬ ಬೇಸರ ನಿಮ್ಮನ್ನು ಕಾಡುತ್ತಿರಬಹುದು. ಹಾಗಿದ್ದರೆ ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯವನ್ನು ತೆರೆದು ನೋಡಿರಿ. ಫಿರ್‌ಔನನ ಅರಮನೆಯಲ್ಲಿ ಬೆಳೆದ ಪ್ರವಾದಿ ಮೂಸಾ(ಅ) ಮದ್‌ಯನ್‌ಗೆ ಬಂದು ಒಬ್ಬ ವೃದ್ಧರ ಬಳಿ 8 ವರ್ಷ ದುಡಿಯಲು ಒಪ್ಪಿಕೊಂಡರು. 10 ವರ್ಷ ಪೂರ್ತಿಗೊಳಿಸುವುದು ಅವರ ಇಚ್ಛೆಗೆ ಬಿಟ್ಟದ್ದಾಗಿತ್ತು. ನಮ್ಮ ಪ್ರವಾದಿವರ್ಯರೂ(ಸ) ಮಕ್ಕಾದವರ ಕುರಿಗಳನ್ನು ಕೂಲಿಗೆ ಮೇಯಿಸಿದವರೇ.

ಮೂಸಾರನ್ನು(ಅ) ಕೆಲಸಕ್ಕಿಟ್ಟುಕೊಳ್ಳಲು ತಂದೆಗೆ ಸಲಹೆಯಿತ್ತ ಮಗಳು ಎಣಿಸಿದ್ದು ಎರಡೇ ಅರ್ಹತೆ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ನಿಮ್ಮ ಅಂಕಪಟ್ಟಿ ಮೊದಲನೆಯದಕ್ಕೆ ಸಾಕ್ಷಿಯಾದೀತು. ಎರಡನೆಯದಕ್ಕೆ ಯಾವ ವಿಶ್ವವಿದ್ಯಾಲಯವೂ ಪರೀಕ್ಷೆ ನಡೆಸುವುದಿಲ್ಲ. ಕಾಲೇಜಿನಲ್ಲಿ ಗೆಳೆಯನ ಬದಲು 'ಹಾಜರ್' ಎಂದು ಕೂಗುವುದು ತಮಾಷೆಯಾಗಿ ನಡೆದುಹೋಗುತ್ತದೆ (ಉಪನ್ಯಾಸಕರಿಗೂ ಅದು ಗೊತ್ತಿರುತ್ತದೆ, ಬಿಡಿ). ಆದರೆ ಕಚೇರಿಗೆ ಹತ್ತೂವರೆಗೆ ಬಂದು ಪುಸ್ತಕದಲ್ಲಿ ಹತ್ತು ಎಂದು ಬರೆದು ಸಹಿ ಹಾಕಿದರೆ ಅದು ಸುಳ್ಳು ಸಾಕ್ಷ್ಯ. ಆ ಅರ್ಧ ಗಂಟೆಯ ಸಂಬಳವೂ ತಿಂಗಳ ಕೊನೆಗೆ ತಾಯಿಯ ಕೈ ಸೇರಿ ಮನೆಮಂದಿಯ ಅನ್ನವಾಗುತ್ತದೆ.

ಇನ್ನು ಝುಹ್ರ್ ನಮಾಝ್. ಕೆಲಸಕ್ಕೆ ಸೇರುವಾಗಲೇ ಮೇಲಧಿಕಾರಿಗೆ ತಿಳಿಸಿ ಅನುಮತಿ ಪಡೆಯಿರಿ, ಕದ್ದು ಹೋಗಬೇಡಿ. ನಮಾಝ್ ಮುಗಿಸಿ, ಅದೇ ಅನುಮತಿಯ ನೆಪದಲ್ಲಿ ಚಹಾದಂಗಡಿಯಲ್ಲಿ ಅರ್ಧ ಗಂಟೆ ಹರಟಿ ಬಂದಿರೋ, ನಾಳೆ ನಿಮ್ಮ ಮೇಜಿಗೆ ಬರುವ ಇನ್ನೊಬ್ಬ ಮುಸ್ಲಿಮ್ ಹುಡುಗನಿಗೆ ಆ ಅನುಮತಿ ಸಿಗಲಿಕ್ಕಿಲ್ಲ.