ರಿನ್ಯೂವಲ್

ಪ್ರತಿ ಜೂನ್‌ನಲ್ಲಿ ಆ ಮೇಲ್ ಬರುತ್ತೆ, ಕಾರ್ ಇನ್ಶೂರೆನ್ಸಿನ ಮೇಲ್ ಬರೋ ವಾರದಲ್ಲೇ. ನಮ್ಮ ಮೂರು ಭ್ರೂಣಗಳನ್ನು ಫ್ರೀಜ್ ಮಾಡಿಟ್ಟಿರುವ ಅವಧಿ ಮುಗಿಯುತ್ತಿದೆಯಂತೆ. ಕೆಳಗೆ ಪೇಮೆಂಟ್ ಲಿಂಕ್. ನಾಲ್ಕು ವರ್ಷದಿಂದ ನಾನೂ ನನ್ನ ಹೆಂಡತಿಯೂ ಅದರ ಬಗ್ಗೆ ಮಾತೇ ಆಡದೆ ದುಡ್ಡು ಕಟ್ಟಿಬಿಡುತ್ತೇವೆ.

ಐವಿಎಫ್‌ನಲ್ಲಿ ನಮಗೆ ನಾಲ್ಕು ಭ್ರೂಣ ಸಿಕ್ಕಿದ್ದವು. ಐದನೇ ದಿನ ಒಂದೊಂದಕ್ಕೂ ಗ್ರೇಡ್ ಕೊಟ್ಟರು, ಥೇಟ್ ಮಾರ್ಕ್ಸ್ ಕಾರ್ಡು. ಮೈಕ್ರೋಸ್ಕೋಪಿನಲ್ಲಿ ಚೆನ್ನಾಗಿ ಕಂಡಿದ್ದನ್ನು ಗರ್ಭಕ್ಕೆ ಸೇರಿಸಿದರು. ಅವಳೇ ಈಗ ಎಲ್‌ಕೆಜಿಗೆ ಹೋಗೋ ನಮ್ಮ ಮಗಳು. ಮಿಕ್ಕ ಮೂರು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿವೆ. ಅವಳ ಜೊತೆಗೇ ಶುರುವಾದವು, ಇನ್ನೂ ಅದೇ ಐದನೇ ದಿನದಲ್ಲಿ ನಿಂತಿವೆ.

ಅವು ಮಕ್ಕಳಾ? 2024ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಸುಪ್ರೀಂ ಕೋರ್ಟ್, ಮಗುವಿನ ಸಾವಿಗೆ ಪರಿಹಾರ ಕೇಳುವ ಕಾನೂನು ಇಂಥ ಭ್ರೂಣಕ್ಕೂ ಅನ್ವಯಿಸುತ್ತೆ ಅಂದಿತು. ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಅಂತ ನಿಜವಾಗಲೂ ನಂಬಿದ್ದರೆ, ಅವನ್ನು ಡಬ್ಬಿಯಲ್ಲಿ ಬಿಟ್ಟು ಇಷ್ಟು ವರ್ಷ ನಿಶ್ಚಿಂತೆಯಾಗಿ ಆಫೀಸಿಗೆ ಓಡಾಡ್ತಿದ್ದೆನಾ? ಹಾಗಂತ ಬರೀ ಜೀವಕೋಶ ಅಂತಾನೂ ನಂಬಿಲ್ಲ. ನಂಬಿದ್ದರೆ ಫಾರ್ಮ್ ತುಂಬಿ ಯಾವತ್ತೋ ಮುಗಿಸಿರುತ್ತಿದ್ದೆ.

ಇನ್ನೊಂದು ಮಗು ಬೇಡ ಅಂತ ನಾವು ತೀರ್ಮಾನಿಸಿ ಆಗಿದೆ. ಆಸ್ಪತ್ರೆಯ ವೇಟಿಂಗ್ ಹಾಲ್‌ನಲ್ಲಿ ಪಕ್ಕ ಕೂತು ಅಳುತ್ತಿದ್ದ ಹೆಂಗಸಿನಂಥ ಯಾರಿಗಾದರೂ ಕೊಟ್ಟುಬಿಡೋಣ ಅನ್ನೋದು ಹೆಂಡತಿಯ ಆಸೆಯಾಗಿತ್ತು. ನಮ್ಮ ದೇಶದ 2021ರ ಕಾಯ್ದೆ ಅದಕ್ಕೆ ಬಿಡಲ್ಲ. ಮಿಕ್ಕಿದ್ದನ್ನು ಬೇರೆಯವರಿಗೆ ಬಳಸುವಂತಿಲ್ಲ. ಹತ್ತು ವರ್ಷ ಇಡಬಹುದು. ಆಮೇಲೆ ನಶಿಸಲು ಬಿಡಬೇಕು, ಇಲ್ಲವೇ ದಂಪತಿ ಒಪ್ಪಿದರೆ ಸಂಶೋಧನೆಗೆ ಕೊಡಬೇಕು.

ಓದಿದಾಗ ಒಳಗೊಳಗೇ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನೈದು ವರ್ಷ ಸುಮ್ಮನೆ ಕಟ್ಟುತ್ತಾ ಹೋದರೆ ಕ್ಯಾಲೆಂಡರೇ ನಿರ್ಧರಿಸಿಬಿಡುತ್ತಲ್ಲ! ಆ ಸಮಾಧಾನದ ಮೇಲೇ ಈಗ ಅಸಹ್ಯ. ಅವು ತಾವಾಗಿ ಆದವಲ್ಲ. ‘ಒಂದು ಫೇಲ್ ಆದರೆ ಇನ್ನೊಂದಿರಲಿ’ ಅಂತ ನಾವೇ ಸೈನ್ ಮಾಡಿ ಮಾಡಿಸಿದ್ದು. ಅವು ಜೀವ ಹೌದೋ ಅಲ್ಲವೋ, ಬೇಕು ಅಂದವರೇ ಸಾಕು ಅನ್ನಬೇಕಲ್ಲವಾ?

ಕಳೆದ ಭಾನುವಾರ ಮಗಳು ಮಲಗಿದ ಮೇಲೆ ಕೂತೆವು.

“ನಶಿಸಲು ಬಿಡೋದು ಅಂದ್ರೆ ಏನು ಮಾಡ್ತಾರೆ?”

“ಸಾರಜನಕದಿಂದ ಆಚೆ ತೆಗೆದು ಇಡ್ತಾರೆ. ರೂಮಿನ ಬಿಸಿಗೆ ಬರುತ್ತೆ. ಅಷ್ಟೆ.”

ತುಂಬ ಹೊತ್ತು ಸುಮ್ಮನಿದ್ದಳು. “ಆವತ್ತು ನಾವೂ ಅಲ್ಲಿರಬಹುದಾ, ಕೇಳು,” ಅಂದಳು.

ಈ ಸಲ ಲಿಂಕ್ ಒತ್ತಲಿಲ್ಲ. ಆ ಮೇಲ್‌ಗೆ ಮೊದಲ ಬಾರಿ ಉತ್ತರ ಬರೆದೆ.