*ಇಂದಿನ ಧಮ್ಮ ಚಿಂತನೆ: ಚೆಂಡು ಒಂದೇ, ಲೋಟ ಬೇರೆ*




ನಮ್ಮ ಧಾರವಾಡದಲ್ಲಿ, ಚಮ್ಮಾರ ಕುಟುಂಬದಲ್ಲಿ ಹುಟ್ಟಿದ ಹುಡುಗನೊಬ್ಬ ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಮೈದಾನದ ಕೆಲಸಕ್ಕೆ ಸೇರಿದ. ರೋಲರ್ ಎಳೆದ, ನೆಟ್ ಕಟ್ಟಿದ. ಅಭ್ಯಾಸಕ್ಕೆ ಬಂದ ದೊರೆಗಳಿಗೆ ಚೆಂಡು ಎಸೆದೂ ಎಸೆದೂ ಅವನ ಎಡಗೈ ಪಳಗಿತು. ಮುಂದೆ ದೇಶವೇ ಬೆರಗಾದ ಸ್ಪಿನ್ ಬೌಲರ್ ಪಾಲ್ವಣಕರ್ ಬಾಲೂ ಇವರೇ.

ಬಿಳಿಯರನ್ನು ಸೋಲಿಸಲು ಪುಣೆಯ ಹಿಂದೂ ತಂಡಕ್ಕೆ ಬಾಲೂ ಬೇಕಾದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಮಡಿ ನೆನಪಾಯಿತು! ಉಳಿದವರು ಒಳಗೆ; ಬಾಲೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟದ ಮೇಜೂ ಬೇರೆ.

1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಬಾಲೂ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1920ರಲ್ಲಿ ಅವರ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ, ಈ ಅನ್ಯಾಯ ಸಹಿಸದೆ ತಂಡದಿಂದ ಹೊರಗುಳಿದು ಪ್ರತಿಭಟಿಸಿದರು. 1923ರಲ್ಲಿ ವಿಠ್ಠಲ ನಾಯಕರಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ಬಾಲೂ ರಾಜಕೀಯಕ್ಕೂ ಬಂದರು. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತರು. ದಾರಿಗಳು ಬೇರೆಯಾದವು, ಉಂಡ ಅವಮಾನ ಮಾತ್ರ ಇಬ್ಬರದೂ ಒಂದೇ.

ಈಗ ಉಪಾಲಿಯನ್ನು ನೆನೆಯೋಣ. ಆತ ಶಾಕ್ಯರ ಕ್ಷೌರಿಕ. ರಾಜಕುಮಾರರು ಸಂಘ ಸೇರಲು ಬಂದಾಗ, ತಮ್ಮ ಕುಲದ ಸೊಕ್ಕು ಮುರಿಯಲೆಂದು ಅವರೇ ಬೇಡಿಕೊಂಡರು: ಮೊದಲು ಉಪಾಲಿಗೆ ದೀಕ್ಷೆಯಾಗಲಿ. ಭಗವಾನರು ಹಾಗೆಯೇ ಮಾಡಿದರು. ನಿನ್ನೆವರೆಗೂ ತಮ್ಮ ಗಡ್ಡ ಹೆರೆಯುತ್ತಿದ್ದವನಿಗೆ ರಾಜಕುಮಾರರು ತಲೆಬಾಗಿದರು. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ಮಹಾಕಸ್ಸಪರು ವಿನಯದ ಬಗ್ಗೆ ಪ್ರಶ್ನೆ ಕೇಳಿದ್ದು, ಹಿರಿಯ ಭಿಕ್ಖುಗಳೆಲ್ಲ ಕೂತು ಉತ್ತರ ಕೇಳಿಸಿಕೊಂಡಿದ್ದು ಇದೇ ಉಪಾಲಿಯಿಂದ.

ಎರಡು ತಂಡಗಳ ವ್ಯತ್ಯಾಸ ನೋಡಿ. ಒಂದು, ಕೈಯ ಕಸುಬನ್ನು ಪಡೆದು ಮನುಷ್ಯನನ್ನು ಹೊರಗೆ ಕೂರಿಸಿತು. ಇನ್ನೊಂದು, ಮನುಷ್ಯನನ್ನು ಮುಂದೆ ಕೂರಿಸಿ ಅವನಿಂದ ಕಲಿಯಿತು. ಧಮ್ಮ ಕೇಳುವುದು ಈ ಎರಡನೆಯದನ್ನು.

ನಮ್ಮ ಹನಗೋಡಿಗೆ ಬರೋಣ. ಹೋಬಳಿ ಕ್ರೀಡಾಕೂಟ ಬಂತೆಂದರೆ ಹಾಡಿಯ ಜೇನುಕುರುಬರ ಮಕ್ಕಳು ನೆನಪಾಗುತ್ತಾರೆ. ಓಟಕ್ಕೆ, ಖೋ ಖೋಗೆ ಅವರೇ ಬೇಕು. ಕಪ್ ಗೆದ್ದ ಮೇಲೆ? ತಂಡದ ಕ್ಯಾಪ್ಟನ್ ಯಾರು? ತರಗತಿಯ ಲೀಡರ್ ಯಾರು? ನಮ್ಮ ಮನೆಯ ಹಬ್ಬದ ಪಂಕ್ತಿಯಲ್ಲಿ ಆ ಮಗುವಿಗೆ ಎಲೆ ಹಾಕಿದ್ದೇವೆಯೇ? ಮಣ್ಣಿನ ಕುಡಿಕೆ ಹೋಗಿರಬಹುದು. ಅದು ಪೇಪರ್ ಲೋಟವಾಗಿ ಉಳಿದಿದೆಯೇ ಎಂದು ನಮ್ಮ ನಮ್ಮ ಜಗಲಿಯನ್ನೇ ನೋಡಿಕೊಳ್ಳಬೇಕು.

*ಇಂದಿನ ಅಭ್ಯಾಸ:* ನಮಗಾಗಿ ದುಡಿಯುವ ಒಬ್ಬರನ್ನು ಇಂದು ಒಳಗೆ ಕರೆದು, ನಾವು ಕುಡಿಯುವ ಲೋಟದಲ್ಲೇ ಟೀ ಕೊಟ್ಟು, ಜೊತೆಗೆ ಕೂತು ಅವರ ಮಾತು ಕೇಳೋಣ.

ಭವತು ಸಬ್ಬ ಮಂಗಲಂ 🪷
– ಅಧ್ಯಯನ ಬಳಗ, ಹನಗೋಡು