ಕಾಣಿಕೆಗೆ ಮೊದಲು



ಗುಡ್ಡ ಹತ್ತಿ ಬಂದಿದ್ದೀರಿ. ಕೈಯಲ್ಲಿ ಮೇಣದಬತ್ತಿ, ಮನಸ್ಸಿನಲ್ಲಿ ಹರಕೆ. ಆದರೆ ಊರಲ್ಲಿ ಅಣ್ಣನ ಸಂಗಡ ಮಾತು ಬಿಟ್ಟು ಎಷ್ಟು ವರ್ಷವಾಯಿತು? ನೇಸರಗಿ, ಬೈಲಹೊಂಗಲ ಕಡೆ ಒಂದು ಬದುವಿನ ಸಲುವಾಗಿ ಒಂದೇ ತಾಯಿಯ ಮಕ್ಕಳು ಮುಖ ತಿರುವಿಕೊಂಡು ಹೋಗುವುದನ್ನು ನಾವೆಲ್ಲ ಕಂಡವರೇ.

ಬಲಿಪೀಠದ ಮುಂದೆ ನಿಂತಾಗ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಪ್ರಭು ಯೇಸು ಹೇಳಿದ್ದಾರೆ (ಮತ್ತಾಯ 5). ಗಮನಿಸಿರಿ, ನಮಗೆ ಅವನ ಮೇಲಿರುವ ಸಿಟ್ಟಲ್ಲ, ಅವನಿಗೆ ನಮ್ಮ ಮೇಲಿರುವ ಸಿಟ್ಟು! ತಪ್ಪೆಲ್ಲ ಅವಂದೇ ಅಂತ ಕೂತವರಿಗೆ ಈ ಮಾತು ಕೇಳಿಸೂದಿಲ್ಲ.

ಕೇರಳದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರಲ್ಲಿ ಮಧ್ಯಪ್ರದೇಶದಲ್ಲಿ, ಬಸ್ಸಿನಲ್ಲಿ ಹೋಗುತ್ತಿದ್ದಾಗ ಇರಿದು ಕೊಂದರು. 2002ರಲ್ಲಿ ಅವರ ತಂಗಿ ಸಿಸ್ಟರ್ ಸೆಲ್ಮಿ ಜೈಲಿಗೆ ಹೋಗಿ, ಕೊಂದವನ ಕೈಗೆ ರಾಖಿ ಕಟ್ಟಿದರು. ಅಂಥವರಿಗೂ ಏಳು ವರ್ಷ ಹಿಡಿಯಿತು ಎಂಬುದೇ ನನಗೊಂದು ಸಮಾಧಾನ.

ಕ್ಷಮಿಸುವುದೆಂದರೆ ಹೊಲ ಬಿಟ್ಟುಕೊಡಬೇಕೆಂದಲ್ಲ. ಸರ್ವೇದವರು ಬಂದು ಅಳೆದು ಕಲ್ಲು ನೆಡಲಿ. ಆದರೆ ಕಲ್ಲಿನ ಆಚೆ ಇರುವವನು ಅಣ್ಣನೇ ಅಲ್ಲವೇ?

ಮೇಣದಬತ್ತಿ ಹಚ್ಚುವ ಮೊದಲು ಅವನಿಗೊಂದು ಫೋನ್ ಹಚ್ಚಿರಿ. “ಅಣ್ಣಾ, ಆರಾಮದೀಯೇನು?” ಅಂತ ಕೇಳಿರಿ. ಎತ್ತದಿದ್ದರೆ, ಸಂಕ್ರಮಣಕ್ಕೆ ಕುಸುರೆಳ್ಳು ತಗೊಂಡು ಮನೆಗೇ ಹೋಗಿರಿ.